ಕಣ್ಣು ಕೆಳಗೆ ಸರಿದಿದೆ, ಆಪರೇಷನ್ ಮೂಗಿನಿಂದ ಅಂತಾರೆ: ಸೈನಸ್ ಮ್ಯೂಕೋಸೀಲ್ ಬಗ್ಗೆ ಗೊತ್ತಿದ್ದವರು ಹೇಳಿ

ಬ್ಯಾಡಗಿ_ರೋಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಹತ್ತಿರದ ಹಳ್ಳಿ. ಅವ್ವನ ವಿಷಯ ಕೇಳಬೇಕಿತ್ತು. ವಯಸ್ಸು 54. ಶುಗರ್ ಇದೆ, ಮಾತ್ರೆ ತಗೊಳ್ತಾಳೆ.

ಸುಮಾರು ಒಂದು ವರ್ಷದಿಂದ ಅವಳ ಬಲಗಣ್ಣು ಸ್ವಲ್ಪ ಸ್ವಲ್ಪವೇ ಕೆಳಗೆ, ಕಿವಿ ಕಡೆಗೆ ಸರಿಯುತ್ತಾ ಬಂದಿದೆ. ದಿನಾ ನೋಡುವ ನಮಗಿಂತ ಮೊದಲು ಊರಿಂದ ಬಂದ ಅತ್ತೆಗೆ ಇದು ಕಂಡಿತು. ಹಳೆ ಫೋಟೋ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೋವಿಲ್ಲ. ಹುಬ್ಬಿನ ಕೆಳಗೆ, ಮೂಗಿನ ಕಡೆ ಮೂಲೆಯಲ್ಲಿ ಒಂದು ಉಬ್ಬು ಇದೆ, ಮುಟ್ಟಿದರೆ ಸ್ವಲ್ಪ ಮೆತ್ತಗೆ. ಮೇಲೆ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ ಅಂತಾಳೆ. ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗ್ತಾಳೆ, ಹಾಗಾಗಿ ಕಣ್ಣಲ್ಲಿ ನೀರು ಬಂದರೆ ಘಾಟು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಿಸಿ ಕೊಟ್ಟರು, ಎರಡೆರಡು ಕಾಣೋದು ಹೋಗಲಿಲ್ಲ.

ಆಮೇಲೆ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿದ ತಕ್ಷಣ ‘ಇದು ಕಣ್ಣಿನದಲ್ಲ, ಮೂಗಿನದು’ ಅಂದು ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟ್‌ನಲ್ಲಿ ಬಲಗಡೆ ಫ್ರಂಟೋ-ಎತ್ಮಾಯ್ಡಲ್ ಮ್ಯೂಕೋಸೀಲ್ (ಸೈನಸ್‌ನಲ್ಲಿ ಲೋಳೆ ತುಂಬಿ ಚೀಲದ ಹಾಗೆ ಉಬ್ಬಿದ್ದು), ಕಣ್ಣಿನ ಗೂಡಿನ ಮೇಲ್ಗೋಡೆ ಮತ್ತು ಒಳಗೋಡೆ ತೆಳುವಾಗಿದೆ, ಅಲ್ಲಲ್ಲಿ ಮೂಳೆ ಇಲ್ಲ ಅಂತ ಬಂದಿದೆ. ಇನ್ನೊಂದು ವಿಷಯ, ತುಂಬಾ ವರ್ಷದ ಹಿಂದೆ ಅವಳಿಗೆ ಮೂಗಿನಲ್ಲಿ ದುರ್ಮಾಂಸ ಬೆಳೆದು ಆಪರೇಷನ್ ಆಗಿತ್ತು.

ಈಗ ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದಾರೆ. ಒಬ್ಬರು ಮೂಗಿನ ಒಳಗಿಂದ ದುರ್ಬೀನು ಹಾಕಿ ದಾರಿ ತೆರೆದರೆ ಸಾಕು, ಚೀಲ ತೆಗೆಯುವುದು ಬೇಡ ಅಂತಾರೆ. ಇನ್ನೊಬ್ಬರು ಹುಬ್ಬಿನ ಹತ್ತಿರ ಕೊಯ್ದು ಚೀಲವನ್ನೇ ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ ಅಂತಾರೆ. ಮನೆಯಲ್ಲಿ ಎಲ್ಲರಿಗೂ ಎರಡನೆಯದೇ ಸರಿ ಅನಿಸುತ್ತಿದೆ, ಬೇರು ಸಮೇತ ಹೋಗಬೇಕು ಅಲ್ವಾ ಅಂತ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಇದು ಕ್ಯಾನ್ಸರ್ ಏನಾದರೂ ಆಗಿರಬಹುದಾ ಅನ್ನೋ ಹೆದರಿಕೆಯೂ ಇದೆ.

ಗದಗ_ಬೆಟಗೇರಿ:

ಹೆದರಬೇಡಿ ಅಣ್ಣಾರ. ನನಗೂ ಇದೇ ಆಗಿತ್ತು, ಎಡಗಡೆ. ಕಾಲೇಜಿನಲ್ಲಿದ್ದಾಗ ಬೈಕ್ ಮೇಲಿಂದ ಬಿದ್ದು ಹಣೆಗೆ, ಮೂಗಿನ ಬುಡಕ್ಕೆ ಪೆಟ್ಟಾಗಿತ್ತು. ಹೊಲಿಗೆ ಹಾಕಿದರು, ವಾಸಿ ಆಯ್ತು, ಮರೆತೂ ಹೋಯ್ತು. ಮದುವೆಯಾಗಿ ಮಕ್ಕಳಾದ ಮೇಲೆ ಕಣ್ಣು ಕೆಳಗೆ ಇಳಿಯೋಕೆ ಶುರುವಾಯ್ತು. ಹಳೆ ಪೆಟ್ಟಿಗೂ ಇದಕ್ಕೂ ಸಂಬಂಧ ಇದೆ ಅಂತ ಡಾಕ್ಟರ್ ಹೇಳಿದಾಗ ನಂಬೋಕೆ ಆಗಲಿಲ್ಲ. ಆದರೆ ಪೆಟ್ಟಿನಲ್ಲಿ ಸೈನಸ್ಸಿನ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವರ್ಷ ಬಿಟ್ಟು ಹೀಗೆ ಆಗಬಹುದಂತೆ.

ನನಗೆ ಮೂಗಿನಿಂದಲೇ ಮಾಡಿದ್ದು. ಮುಖದ ಮೇಲೆ ಒಂದು ಗೆರೆಯೂ ಇಲ್ಲ. ಮೂಗಿನಲ್ಲಿ ಇಟ್ಟಿದ್ದ ಪ್ಯಾಕ್ ತೆಗೆಯುವಾಗ ಸಂಕಟ ಆಯ್ತು, ಅದನ್ನು ಬಿಟ್ಟರೆ ಅಂಥ ನೋವೇನಿರಲಿಲ್ಲ. ಕಣ್ಣು ಮೊದಲ ವಾರದಲ್ಲೇ ಅರ್ಧ ವಾಪಸ್ ಬಂತು, ಉಳಿದದ್ದು ನಿಧಾನಕ್ಕೆ. ಡಾಕ್ಟರ್ ಯಾಕೆ ಹಾಗೆ ಮಾಡ್ತಾರೆ ಅನ್ನೋದನ್ನು ತಿಳಿದವರು ಹೇಳಲಿ, ನಾನು ಅನುಭವ ಮಾತ್ರ ಹೇಳಬಲ್ಲೆ.

ಕಿವಿಮೂಗು_ಧಾರವಾಡ:

ನಾನು ಇಎನ್‌ಟಿ ಡಾಕ್ಟರ್, ಧಾರವಾಡದಲ್ಲಿ ಕೆಲಸ. ನಿಮ್ಮ ತಾಯಿಯವರ ಸ್ಕ್ಯಾನ್ ನಾನು ನೋಡಿಲ್ಲ, ಹಾಗಾಗಿ ಅವರಿಗೆ ಇದನ್ನೇ ಮಾಡಿ ಅಂತ ಇಲ್ಲಿಂದ ಹೇಳೋಕಾಗಲ್ಲ. ಆದರೆ ನೀವು ಕೇಳಿದ ಮುಖ್ಯ ಪ್ರಶ್ನೆಗೆ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಹುಬ್ಬಿನ ಹಿಂದೆ ಇರುವ ಗಾಳಿಯ ಕೋಣೆ ಫ್ರಂಟಲ್ ಸೈನಸ್. ಎರಡು ಕಣ್ಣುಗಳ ನಡುವೆ ಇರುವ ಸಣ್ಣ ಸಣ್ಣ ಕೋಣೆಗಳು ಎತ್ಮಾಯ್ಡ್. ಈ ಕೋಣೆಗಳ ಒಳಪೊರೆ ದಿನವೂ ಲೋಳೆ ಮಾಡುತ್ತದೆ, ಅದು ಚಿಕ್ಕ ಬಾಯಿಯಿಂದ ಮೂಗಿಗೆ ಇಳಿದು ಹೋಗುತ್ತದೆ. ಹಳೆ ಆಪರೇಷನ್ನಿನ ಗಾಯದ ಗುರುತು, ದುರ್ಮಾಂಸ, ಪೆಟ್ಟು, ವರ್ಷಗಟ್ಟಲೆ ಸೈನಸೈಟಿಸ್, ಕೆಲವೊಮ್ಮೆ ಆಸ್ಟಿಯೋಮಾ ಅನ್ನೋ ಮೂಳೆಗಂಟು, ಇದರಲ್ಲಿ ಯಾವುದಾದರೂ ಆ ಬಾಯಿಯನ್ನು ಮುಚ್ಚಿದರೆ ಒಳಗಿನ ಪೊರೆ ಲೋಳೆ ಮಾಡುವುದನ್ನು ನಿಲ್ಲಿಸಲ್ಲ. ಬಚ್ಚಲ ಮೋರಿ ಕಟ್ಟಿಕೊಂಡಾಗ ನೀರು ಹಿಂದಕ್ಕೆ ನಿಲ್ಲುತ್ತದಲ್ಲ, ಇಲ್ಲಿ ಆಗುವುದೂ ಅದೇ. ತುಂಬುತ್ತಾ ತುಂಬುತ್ತಾ ಒತ್ತಡ ಹೆಚ್ಚಾಗಿ ಸುತ್ತಲಿನ ಮೂಳೆ ಸವೆಯುತ್ತದೆ. ಬರೀ ಒತ್ತಡದಿಂದ ಮಾತ್ರ ಅಲ್ಲ, ಪೊರೆಯ ಉರಿಯೂತದಲ್ಲಿ ಹುಟ್ಟುವ ಕೆಲವು ರಾಸಾಯನಿಕಗಳೂ ಮೂಳೆಯನ್ನು ಕರಗಿಸುತ್ತವೆ. ಕಣ್ಣಿನ ಗೂಡಿನ ಒಳಗೋಡೆ ಹುಟ್ಟಿನಿಂದಲೇ ತುಂಬಾ ತೆಳು, ಅದು ಬೇಗ ಬಿಟ್ಟುಕೊಡುತ್ತದೆ. ಆಗ ಕಣ್ಣುಗುಡ್ಡೆಗೆ ಜಾಗ ಸಾಲದೆ ಅದು ಎದುರು ದಿಕ್ಕಿಗೆ, ಅಂದರೆ ಕೆಳಗೆ ಮತ್ತು ಹೊರಗೆ ಸರಿಯುತ್ತದೆ. ನೀವು ಬರೆದಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಮ್ಯೂಕೋಸೀಲ್ ಅನ್ನುವುದು ಕ್ಯಾನ್ಸರ್ ಅಲ್ಲ. ಬೇರು ಬಿಟ್ಟು ಬೆಳೆಯುವ ಗಡ್ಡೆಯೂ ಅಲ್ಲ. ಆ ‘ಚೀಲ’ ಅನ್ನುವುದು ಹೊರಗಿನಿಂದ ಬಂದದ್ದಲ್ಲ, ಅದು ಸೈನಸ್ಸಿನ ಸ್ವಂತ ಒಳಪೊರೆ. ಅದಕ್ಕೇ ಬೇರು ಸಮೇತ ತೆಗೆಯಬೇಕು ಅನ್ನುವ ಮಾತು ಇಲ್ಲಿ ಕೂಡುವುದಿಲ್ಲ. ಮುಚ್ಚಿದ ಬಾಯಿಯನ್ನು ದೊಡ್ಡದಾಗಿ ಮೂಗಿಗೆ ತೆರೆದು, ಅದು ಮತ್ತೆ ಮುಚ್ಚದ ಹಾಗೆ ನೋಡಿಕೊಂಡರೆ ಒತ್ತಡ ಇಳಿಯುತ್ತದೆ, ಪೊರೆ ನಿಧಾನಕ್ಕೆ ಮೊದಲಿನಂತೆ ಕೆಲಸ ಮಾಡುತ್ತದೆ. ಇದಕ್ಕೆ ಮಾರ್ಸುಪಿಯಲೈಸೇಷನ್ ಅಂತಾರೆ.

ಹಿಂದೆ ಎಲ್ಲರೂ ಹೊರಗಿನಿಂದಲೇ ಮಾಡುತ್ತಿದ್ದರು. 1921ರಲ್ಲಿ ಲಿಂಚ್ ಮತ್ತು ಹೋವಾರ್ತ್ ಅನ್ನೋ ಸರ್ಜನ್‌ಗಳು ಬರೆದ ವಿಧಾನದಲ್ಲಿ ಹುಬ್ಬಿನಿಂದ ಮೂಗಿನ ಪಕ್ಕಕ್ಕೆ ಕೊಯ್ದು ಕಣ್ಣಿನ ಒಳಗೋಡೆಯ ಮೂಳೆ ತೆಗೆದು ಒಳಗೆ ಹೋಗುವುದು. ಅದರಲ್ಲಿ ತೊಂದರೆ ಏನಪ್ಪಾ ಅಂದರೆ, ಪಕ್ಕದ ಮೂಳೆ ಹೋದ ಮೇಲೆ ಕಣ್ಣಿನ ಸುತ್ತಲಿನ ಮೆತ್ತನೆ ಭಾಗ ಒಳಕ್ಕೆ ಜರುಗಿ ಹೊಸ ದಾರಿಯನ್ನೇ ಮುಚ್ಚಿಬಿಡುತ್ತಿತ್ತು. ಪೊರೆ ಪೂರ್ತಿ ಕೆರೆದರೂ ಅಷ್ಟೇ, ಬರಿ ಮೂಳೆಯ ಮೇಲೆ ಗಾಯ ಮಾಯುವಾಗ ದಾರಿ ಕುಗ್ಗುತ್ತದೆ. ಮೆದುಳಿನ ಅಥವಾ ಕಣ್ಣಿನ ಕಡೆ ಮೂಳೆಯೇ ಇಲ್ಲದ ಜಾಗದಲ್ಲಿ ಪೊರೆ ಕೆರೆಯುವುದು ಅಪಾಯ ಕೂಡ. 1989ರಲ್ಲಿ ಕೆನಡಿ ಅನ್ನೋ ಸರ್ಜನ್ ಮತ್ತು ಜೊತೆಯವರು ಎಂಡೋಸ್ಕೋಪ್ ಅನ್ನೋ ದುರ್ಬೀನಿನಿಂದ ಮೂಗಿನೊಳಗಿಂದ ತೆರೆದ ರೋಗಿಗಳ ಫಲಿತಾಂಶ ಪ್ರಕಟಿಸಿದ ಮೇಲೆ ದಾರಿ ಬದಲಾಯಿತು. ಈಗ ಹೆಚ್ಚಿನ ಕೇಸುಗಳಲ್ಲಿ ಮೊದಲ ಆಯ್ಕೆ ಮೂಗಿನ ದಾರಿಯೇ.

ಹಾಗಂತ ಎರಡನೇ ಡಾಕ್ಟರ್ ಹೇಳಿದ್ದು ತಪ್ಪೇ ಅಂತ ಅಂದುಕೊಳ್ಳಬೇಡಿ. ಹೊರಗಿನಿಂದ ಹೋಗಬೇಕಾದ ಸಂದರ್ಭಗಳು ಈಗಲೂ ಇವೆ. ಫ್ರಂಟಲ್ ಸೈನಸ್ಸಿನಲ್ಲಿ ತುಂಬಾ ಹೊರಗಡೆ, ಕಣ್ಣುಪಾಪೆಯ ನೇರಕ್ಕಿಂತ ಆಚೆ ಲೋಳೆ ಕೂತಿದ್ದರೆ, ಒಳಗೆ ಅಡ್ಡಗೋಡೆಗಳಿದ್ದರೆ, ಹಳೆ ಆಪರೇಷನ್ನಿನಿಂದ ಮೂಗಿನ ಕಡೆ ಗಟ್ಟಿ ಮೂಳೆ ಬೆಳೆದಿದ್ದರೆ ಮೂಗಿನಿಂದ ಅದು ಕೈಗೆ ಸಿಗಲ್ಲ. ಆಗ ಹುಬ್ಬಿನಲ್ಲಿ ಸಣ್ಣ ರಂಧ್ರ ಮಾಡಿ ಮೇಲಿನಿಂದ ಒಂದು, ಮೂಗಿನಿಂದ ಒಂದು ಅಂತ ಎರಡೂ ಕಡೆಯಿಂದ ಮಾಡುವುದೂ ಉಂಟು. ಹಾಗಾಗಿ ಮುಂದಿನ ಸಲ ಹೋದಾಗ ಸಿಟಿಯ ಫಿಲ್ಮ್ ಇಟ್ಟುಕೊಂಡು ಎರಡೇ ಪ್ರಶ್ನೆ ಕೇಳಿ. ಲೋಳೆ ಎಷ್ಟು ದೂರ ಹೊರಗಡೆ ಇದೆ? ಮೂಗಿನ ದಾರಿಯಿಂದ ಅಲ್ಲಿಯವರೆಗೆ ತಲುಪಬಹುದಾ? ಉತ್ತರ ಫಿಲ್ಮ್‌ನಲ್ಲೇ ಬೆರಳಿಟ್ಟು ತೋರಿಸುವ ಹಾಗೆ ಇರುತ್ತದೆ.

ಕಣ್ಣು_ಡ್ಯೂಟಿ:

ನಾನು ಹುಬ್ಬಳ್ಳಿಯಲ್ಲಿ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಮೇಲೆ ಡಾಕ್ಟರ್ ಸರ್ ಹೇಳಿದ್ದಕ್ಕೆ ಕಣ್ಣಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಆಪರೇಷನ್ ಯಾರೇ ಮಾಡಲಿ, ಅವಸರ ಎಷ್ಟಿದೆ ಅಂತ ಹೇಳೋದು ಕಣ್ಣು.

ಇಂಥವರು ಬಂದಾಗ ನಾವು ಮೊದಲು ದೃಷ್ಟಿ ನೋಡ್ತೀವಿ, ಆಮೇಲೆ ಬಣ್ಣ, ಆಮೇಲೆ ಪಾಪೆಗೆ ಬೆಳಕು ಬಿಟ್ಟು ಎರಡೂ ಕಡೆ ಒಂದೇ ರೀತಿ ಕುಗ್ಗುತ್ತಾ ಅಂತ. ಕಣ್ಣು ಎಲ್ಲ ದಿಕ್ಕಿಗೂ ಹೊರಳುತ್ತಾ, ಎಷ್ಟು ಮಿಲಿಮೀಟರ್ ಮುಂದೆ ಬಂದಿದೆ ಅಂತ ಹರ್ಟೆಲ್ ಅನ್ನೋ ಅಳತೆಗೋಲಿನಿಂದ ಅಳೆದು ಬರೆದಿಡ್ತೀವಿ. ಕಣ್ಣಿನ ನರ ಊದಿದೆಯಾ ಅಂತ ಹಿಂಭಾಗ ನೋಡ್ತೀವಿ. ಥೈರಾಯ್ಡ್‌ನಿಂದಲೂ ಕಣ್ಣು ಮುಂದೆ ಬರುತ್ತದೆ, ಆದರೆ ಅದರಲ್ಲಿ ಕಣ್ಣು ಸಾಮಾನ್ಯವಾಗಿ ನೇರ ಮುಂದಕ್ಕೆ ಬರುತ್ತದೆ, ಮೇಲಿನ ರೆಪ್ಪೆ ಹಿಂದಕ್ಕೆ ಎಳೆದ ಹಾಗಿರುತ್ತದೆ. ಒಂದೇ ಕಣ್ಣು ಓರೆಯಾಗಿ ಕೆಳಗೆ ಸರಿದರೆ ಮೇಲಿನಿಂದ ಏನೋ ತಳ್ಳುತ್ತಿದೆ ಅಂತಲೇ ಯೋಚನೆ ಹೋಗುತ್ತದೆ. ನಿಮ್ಮ ಡಾಕ್ಟರ್ ನೋಡಿದ ತಕ್ಷಣ ಮೂಗಿನದು ಅಂದದ್ದು ಇದಕ್ಕೇ. ಆ ಹಳೆ ಫೋಟೋ ಇದೆ ಅಂದ್ರಲ್ಲ, ಅದನ್ನು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಎಷ್ಟು ದಿನದಿಂದ ಸರಿದಿದೆ ಅಂತ ತಿಳಿಯೋಕೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಈಗ ಮನೆಯಲ್ಲಿ ಮಾಡೋದು ಒಂದು. ಓಪಿಡಿಯಲ್ಲಿ ನಾವು ಕೆಂಪು ಮುಚ್ಚಳ ತೋರಿಸಿ ಕೇಳ್ತೀವಿ, ನಿಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇರುತ್ತದೆ, ಅದೇ ಸಾಕು. ಒಳ್ಳೆ ಬೆಳಕಿನಲ್ಲಿ ಕೂರಿಸಿ, ಕನ್ನಡಕ ಇದ್ದರೆ ಹಾಕಿಸಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿ ಇನ್ನೊಂದರಲ್ಲಿ ಆ ಕೆಂಪು ನೋಡಲಿ. ಆಮೇಲೆ ಬದಲಾಯಿಸಿ. ಎರಡರಲ್ಲೂ ಒಂದೇ ಕೆಂಪು ಕಂಡರೆ ಸರಿ. ಬಲಗಣ್ಣಲ್ಲಿ ಆ ಕೆಂಪು ಮಾಸಿದ ಹಾಗೆ, ಇಟ್ಟಿಗೆ ಬಣ್ಣಕ್ಕೆ ತಿರುಗಿದ ಹಾಗೆ ಕಂಡರೆ ಕಣ್ಣಿನ ನರಕ್ಕೆ ಒತ್ತಡ ಬಿದ್ದಿರಬಹುದು. ಅಕ್ಷರ ಮಸುಕಾಗೋ ಮೊದಲೇ ಬಣ್ಣ ಮಾಸಬಹುದು. ಹಾಗೆ ಕಂಡರೆ ತಾರೀಖಿಗಾಗಿ ಕಾಯಬೇಡಿ, ಅದೇ ದಿನ ಬನ್ನಿ. ಎರಡೂ ಒಂದೇ ಥರ ಕಂಡಿತು ಅಂತ ಡಾಕ್ಟರ ತಪಾಸಣೆ ಬಿಡೋದೂ ಬೇಡ.

ದೃಷ್ಟಿ ದಿಢೀರ್ ಮಂಜಾಗೋದು, ಕಣ್ಣು ಕೆಂಪಾಗಿ ಊದಿ ನೋವು ಬರೋದು, ಜ್ವರ, ಜೋರು ತಲೆನೋವು, ವಾಂತಿ, ಮಂಪರು, ಇವು ಬಂದರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಬೇಕು. ಲೋಳೆಗೆ ಸೋಂಕು ತಗುಲಿ ಕೀವಾದರೆ ಅದಕ್ಕೆ ಮ್ಯೂಕೋಪಯೋಸೀಲ್ ಅಂತಾರೆ. ಅದು ಕಣ್ಣಿನ ಗೂಡಿಗೆ ಹರಡಬಹುದು, ಮೆದುಳಿನ ಕಡೆಗೂ ಹೋಗಬಹುದು. ತಾಯಿಯವರಿಗೆ ಶುಗರ್ ಇರೋದರಿಂದ ಇದನ್ನು ಒತ್ತಿ ಹೇಳ್ತಿದ್ದೀನಿ. 2021ರಲ್ಲಿ ನೋಡಿದ ಆ ಕಪ್ಪು ಫಂಗಸ್ ಬೇರೆ ಕಾಯಿಲೆ, ಅದು ದಿನಗಳಲ್ಲಿ ಏರುತ್ತದೆ. ವರ್ಷದಿಂದ ನೋವಿಲ್ಲದೆ ಸರಿದಿರೋದು ಅದಲ್ಲ. ಆದರೆ ಶುಗರ್ ಇರೋರಿಗೆ ದಿಢೀರ್ ಕಣ್ಣು ಊದಿದರೆ ಯಾವ ಕಾರಣವೇ ಆಗಲಿ, ಕಾಯೋ ಹಾಗಿಲ್ಲ.

ರಾಣೆಬೆನ್ನೂರು_ಕಿರಾಣಿ:

ಅಣ್ಣಾರ, ಆಪರೇಷನ್‌ಗೆ ಮೊದಲು ಜಲನೇತಿ, ಹಬೆ, ಮೂಗಿಗೆ ಎಣ್ಣೆ ಬಿಡೋದು ಮಾಡಿ ನೋಡಬಾರದಾ? ನಮ್ಮ ಕಾಕಾ ಅವರಿಗೆ ಸೈನಸ್ ಇತ್ತು, ಅದರಿಂದ ತುಂಬಾ ಹಗುರ ಆಯ್ತು. ಇಲ್ಲದಿದ್ದರೆ ಉಬ್ಬು ಮೆತ್ತಗಿದೆ ಅಂತೀರಿ, ಸೂಜಿ ಚುಚ್ಚಿ ನೀರು ತೆಗೆದರೆ ಮುಗೀತಲ್ಲ?

ಕಿವಿಮೂಗು_ಧಾರವಾಡ:

ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಸಾಮಾನ್ಯ ಸೈನಸ್ ತೊಂದರೆಯಲ್ಲಿ ಉಪ್ಪು ನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ, ನಾವೂ ಹೇಳ್ತೀವಿ. ಆದರೆ ಇಲ್ಲಿ ಕೋಣೆಯ ಬಾಯಿಯೇ ಮುಚ್ಚಿದೆ. ಮೂಗಿಗೆ ಏನು ಬಿಟ್ಟರೂ ಒಳಗೆ ಹೋಗಲ್ಲ. ಮಾತ್ರೆಯಿಂದ ಸೋಂಕು ಕಡಿಮೆ ಮಾಡಬಹುದು, ಮುಚ್ಚಿದ ಬಾಯಿ ತೆರೆಯಲ್ಲ. ಎಣ್ಣೆ ಬಿಟ್ಟು ತಿಂಗಳು ಕಾದರೆ ಆ ತಿಂಗಳು ಮೂಳೆ ಇನ್ನಷ್ಟು ಸವೆಯುತ್ತದೆ.

ಸೂಜಿ ಮಾತ್ರ ಬೇಡವೇ ಬೇಡ. ತೆಗೆದ ಲೋಳೆ ಮತ್ತೆ ತುಂಬುತ್ತದೆ, ಸೋಂಕು ಒಳಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಮೇಲಿನ ಮೂಳೆ ಇಲ್ಲದ ಜಾಗದಲ್ಲಿ ಕೆಳಗೆ ಇಳಿದಿರುವುದು ಮೆದುಳಿನ ಪೊರೆಯೇ ಆಗಿದ್ದರೆ? ಹೊರಗಿನಿಂದ ಎರಡೂ ಮೆತ್ತಗೇ ಇರುತ್ತವೆ.

ಇದಕ್ಕೇ ಮೂಳೆ ಹೋಗಿದೆ ಅಂತ ಸಿಟಿಯಲ್ಲಿ ಬಂದಾಗ ಎಂಆರ್‌ಐ ಕೂಡ ಮಾಡಿಸುತ್ತೇವೆ. ಸಿಟಿ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ: ಸೈನಸ್ ಎಷ್ಟು ಹಿಗ್ಗಿದೆ, ಗೋಡೆ ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ. ಒಳಗೆ ಇರುವುದು ಏನು ಅನ್ನುವುದನ್ನು ಎಂಆರ್‌ಐ ಹೇಳುತ್ತದೆ. ಔಷಧಿ ಕೊಟ್ಟು ತೆಗೆದ ಚಿತ್ರದಲ್ಲಿ ಮ್ಯೂಕೋಸೀಲ್‌ನ ಅಂಚು ಮಾತ್ರ ತೆಳ್ಳಗೆ ಬೆಳಗುತ್ತದೆ, ಒಳಭಾಗ ಬೆಳಗಲ್ಲ. ಗಟ್ಟಿ ಗಡ್ಡೆಯಾಗಿದ್ದರೆ ಒಳಭಾಗವೂ ಬೆಳಗುತ್ತದೆ. ಲೋಳೆ ತುಂಬಾ ಹಳೆಯದಾಗಿ ನೀರಿನಂಶ ಕಡಿಮೆಯಾಗಿದ್ದರೆ ಎಂಆರ್‌ಐಯ ಒಂದು ಬಗೆಯ ಚಿತ್ರದಲ್ಲಿ ಅದು ಪೂರ್ತಿ ಕಪ್ಪಾಗಿ, ಬರಿ ಗಾಳಿ ಇದ್ದ ಹಾಗೆ ಕಾಣುವುದೂ ಉಂಟು. ಆದ್ದರಿಂದ ಸಿಟಿ, ಎಂಆರ್‌ಐ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಇಷ್ಟಾದರೂ ಆಪರೇಷನ್‌ನಲ್ಲಿ ಒಂದು ಸಣ್ಣ ತುಂಡನ್ನು ಬಯಾಪ್ಸಿಗೆ ಕಳಿಸ್ತೀವಿ. ಕ್ಯಾನ್ಸರ್ ಹೆದರಿಕೆ ಇದೆ ಅಂದಿರಲ್ಲ, ಅದಕ್ಕೆ ಕೊನೆಯ ಉತ್ತರ ಆ ರಿಪೋರ್ಟ್.

ಬ್ಯಾಡಗಿ_ರೋಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಣಸಿನಕಾಯಿ ತೋರಿಸಿ ಕೇಳಿದೆ, ಎರಡು ಕಣ್ಣಲ್ಲೂ ಒಂದೇ ಕೆಂಪು ಅಂದಳು. ಸ್ವಲ್ಪ ಜೀವ ಬಂತು. ಎಂಆರ್‌ಐ ಆಯ್ತು, ಮೆದುಳಿನ ಪೊರೆ ಸರಿಯಾಗಿದೆ, ಲೋಳೆ ಹೆಚ್ಚು ಹೊರಗಡೆಗೆ ಹೋಗಿಲ್ಲ, ಮೂಗಿನಿಂದಲೇ ಸಿಗುತ್ತದೆ ಅಂದರು. ಆಮೇಲೆ ಎರಡನೇ ಡಾಕ್ಟರಿಗೂ ಎಂಆರ್‌ಐ ತೋರಿಸಿದೆವು, ಅವರೂ ಹಾಗಾದರೆ ಮೂಗಿನಿಂದ ಆಗಲಿ ಅಂತ ಒಪ್ಪಿದರು.

ಇನ್ನು ಮೂರು ಪ್ರಶ್ನೆ. ಕಣ್ಣಿನ ಮೇಲಿನ ಮೂಳೆ ಹೋಗಿದೆಯಲ್ಲ, ಅಲ್ಲಿಗೆ ಪ್ಲೇಟ್ ಹಾಕಬೇಕಾ? ಆಪರೇಷನ್ ಮಾಡುವಾಗ ಕಣ್ಣಿಗೆ ಪೆಟ್ಟಾದರೆ? ಖರ್ಚು ಹೇಗೆ ಹೊಂದಿಸೋದು, ನಮ್ಮದು ಬಿಪಿಎಲ್ ಕಾರ್ಡ್.

ಕಿವಿಮೂಗು_ಧಾರವಾಡ:

ಪ್ಲೇಟ್ ಸಾಮಾನ್ಯವಾಗಿ ಬೇಕಾಗಲ್ಲ. ಒತ್ತಡ ಇಳಿದ ಮೇಲೆ ಕಣ್ಣಿನ ಸುತ್ತಲಿನ ಪೊರೆಯೇ ಹಿಡಿದಿಡುತ್ತದೆ, ಎಷ್ಟೋ ಜನರಲ್ಲಿ ಕಾಲಕ್ರಮೇಣ ಮೂಳೆಯೂ ಸ್ವಲ್ಪ ಬೆಳೆಯುತ್ತದೆ.

ಕಣ್ಣಿನ ವಿಷಯಕ್ಕೆ, ಒಳಗೆ ಏನು ನಡೆಯುತ್ತದೆ ಅಂತ ಹೇಳಿದರೆ ನಿಮಗೆ ಧೈರ್ಯ ಬರಬಹುದು. ಪೂರ್ತಿ ಅರಿವಳಿಕೆ ಕೊಡ್ತಾರೆ. ತಲೆಯ ಕಡೆ ಸ್ವಲ್ಪ ಎತ್ತರಿಸಿ, ರಕ್ತ ಕಡಿಮೆ ಬರಲಿ ಅಂತ ಔಷಧಿಯಲ್ಲಿ ಅದ್ದಿದ ಹತ್ತಿ ಪಟ್ಟಿಯನ್ನು ಮೂಗಿನಲ್ಲಿ ಇಡ್ತಾರೆ. ಮುಖಕ್ಕೆಲ್ಲ ಹಸಿರು ಬಟ್ಟೆ ಹೊದಿಸಿದರೂ ಎರಡೂ ಕಣ್ಣುಗಳನ್ನು ಹೊರಗೆ ಕಾಣುವ ಹಾಗೆ ಬಿಟ್ಟಿರುತ್ತೇವೆ. ನರ್ಸ್ ಪೂರ್ತಿ ಸಮಯ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನು ಒಳಗೆ ಹೋಗುತ್ತದೆ. ನೇರ ನೋಡುವುದು ಒಂದು, 30, 45, 70 ಡಿಗ್ರಿ ಓರೆಯಾಗಿ ಮೇಲೆ ನೋಡುವುದು ಬೇರೆ ಬೇರೆ. ಗೋಡೆ ಇಲ್ಲ ಅಂತ ಅನುಮಾನ ಬಂದ ಜಾಗಕ್ಕೆ ಬಂದಾಗ ಸರ್ಜನ್ ಕೈ ನಿಲ್ಲಿಸಿ, ಜೊತೆಯವರಿಗೆ ಹೊರಗಿನಿಂದ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಲು ಹೇಳುತ್ತಾರೆ. ಆಗ ಟಿವಿಯಲ್ಲಿ ಒಳಗಿನ ಯಾವ ಭಾಗ ಅಲುಗಿತೋ ಅಲ್ಲಿ ಮೂಳೆ ಇಲ್ಲ, ಅದರ ಹಿಂದೆ ಕಣ್ಣಿದೆ ಅಂತ ಅರ್ಥ. ಆ ಭಾಗಕ್ಕೆ ಉಪಕರಣ ತಾಗಿಸಲ್ಲ. ಕೆಲವು ಕಡೆ ಸ್ಕ್ಯಾನ್ ನೋಡಿ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರವೂ ಇದೆ. ಹಳೆ ಆಪರೇಷನ್ ಆದವರಿಗೆ ಅದು ಒಳ್ಳೆಯದು, ಯಾಕಂದರೆ ಗುರುತು ಹಿಡಿಯುವ ಮೂಳೆಗಳು ಆಗಲೇ ಹೋಗಿರುತ್ತವೆ.

ಮ್ಯೂಕೋಸೀಲ್ ಗೋಡೆ ತೆರೆದ ಕ್ಷಣ ಒಳಗಿನದು ಒತ್ತಡದಿಂದ ಹೊರಬರುತ್ತದೆ. ಗಟ್ಟಿ, ಕಂದು ಅಥವಾ ಹಸಿರು ಮಿಶ್ರ, ನೂಲು ನೂಲಾಗಿ ಎಳೆಯುವ ಲೋಳೆ. ಅದನ್ನು ಎಳೆದು, ರೋಗಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸ್ತೀವಿ. ಅಲ್ಲಿಗೆ ಅರ್ಧ ಕೆಲಸ ಮಾತ್ರ ಆಯ್ತು. ಉಳಿದ ಅರ್ಧ, ನನ್ನ ಪ್ರಕಾರ ಹೆಚ್ಚು ಮುಖ್ಯವಾದದ್ದು, ಬಾಯಿಯನ್ನು ಸಾಕಷ್ಟು ಅಗಲ ಮಾಡುವುದು. ಲೋಳೆ ಬಂತು, ಉಬ್ಬು ಇಳಿಯಿತು ಅಂತ ಖುಷಿಯಾಗಿ ಸಣ್ಣ ರಂಧ್ರ ಬಿಟ್ಟು ಬಂದರೆ ಅದು ಮಾಯುವಾಗ ಮುಚ್ಚಿಕೊಳ್ಳುತ್ತದೆ. ಎಷ್ಟು ಅಗಲ ಅನ್ನುವುದಕ್ಕೆ ಜರ್ಮನಿಯ ಸರ್ಜನ್ ಡ್ರಾಫ್ ಅವರು 1991ರಲ್ಲಿ ಬರೆದ ಮಟ್ಟಗಳನ್ನು ಎಲ್ಲರೂ ಬಳಸುತ್ತಾರೆ. 2ಎ ಅಂದರೆ ಕಣ್ಣಿನ ಗೋಡೆಯಿಂದ ಮೂಗಿನೊಳಗಿನ ನಡು ಟರ್ಬಿನೇಟ್ ಅನ್ನೋ ಮೂಳೆಪದರದವರೆಗೆ, 2ಬಿ ಅಂದರೆ ಮೂಗಿನ ನಡುಗೋಡೆಯವರೆಗೆ, 3 ಅಂದರೆ ಎರಡೂ ಕಡೆಯ ಸೈನಸ್ ಕೂಡಿಸಿ ಒಂದೇ ದೊಡ್ಡ ಬಾಯಿ. ಕೇಸ್ ಶೀಟ್‌ನಲ್ಲಿ ಯಾವುದು ಬರೆದಿದ್ದಾರೆ ಅಂತ ನೋಡಿ ಇಟ್ಟುಕೊಳ್ಳಿ, ಮುಂದೆ ಯಾವ ಊರಿನ ಡಾಕ್ಟರಿಗೆ ತೋರಿಸಿದರೂ ಬೇಕಾಗುತ್ತದೆ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ. ರಕ್ತಸ್ರಾವ, ಮೆದುಳಿನ ನೀರು ಸೋರುವುದು, ಕಣ್ಣಿನ ಗೂಡಿನಲ್ಲಿ ರಕ್ತ ನಿಂತು ದೃಷ್ಟಿಗೆ ತೊಂದರೆ, ಎರಡೆರಡು ಕಾಣುವುದು, ಇವೆಲ್ಲ ಅಪರೂಪಕ್ಕೆ ಆಗಬಹುದು. ಸಹಿ ಹಾಕುವ ಮೊದಲು ಕೂತು ಕೇಳಿ. ಹಾಗೆಯೇ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಈಗಲೇ ಹೇಳಬೇಕು, ನೀವೇ ನಿಲ್ಲಿಸಬೇಡಿ. ಶುಗರ್ ಹತೋಟಿಗೆ ತಂದುಕೊಂಡೇ ಹೋಗಿ.

ಆಸ್ಪತ್ರೆ_ಓಡಾಟ:

ಖರ್ಚಿನ ವಿಷಯ ನಾನು ಹೇಳ್ತೀನಿ ಅಣ್ಣಾ. ನಮ್ಮ ಓಣಿಯವರನ್ನು ಕರ್ಕೊಂಡು ಹೋಗಿ ಹೋಗಿ ಎಲ್ಲ ಕೌಂಟರ್ ಪರಿಚಯ ಆಗಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ ಸರ್ಕಾರದ್ದು, ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೊಡ್ತಾರೆ, ಅದು ಇಲ್ಲದೆ ಸೀದಾ ಖಾಸಗಿಗೆ ಹೋದರೆ ಯೋಜನೆ ಸಿಗೋದು ಕಷ್ಟ. ಎಮರ್ಜೆನ್ಸಿ ಆದರೆ ಬೇರೆ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಕಣ್ಣು, ಇಎನ್‌ಟಿ ಎರಡೂ ವಿಭಾಗ ಒಂದೇ ಆವರಣದಲ್ಲಿ ಇವೆ, ನಿಮ್ಮ ಅವ್ವನವರ ಕೇಸಿಗೆ ಅದು ಅನುಕೂಲ. ರೇಷನ್ ಕಾರ್ಡ್, ಆಧಾರ್ ಎರಡರದ್ದೂ ಒರಿಜಿನಲ್ ಮತ್ತು ಜೆರಾಕ್ಸ್ ಇಟ್ಕೊಳ್ಳಿ. ಆರೋಗ್ಯಮಿತ್ರ ಅಂತ ಕೌಂಟರ್‌ನಲ್ಲಿ ಇರ್ತಾರೆ, ಅಡ್ಮಿಟ್ ಆಗೋ ಮೊದಲು ಅವರ ಹತ್ತಿರ ಈ ಆಪರೇಷನ್ ಯಾವ ಪ್ಯಾಕೇಜ್‌ನಲ್ಲಿ ಬರುತ್ತೆ, ಎಂಆರ್‌ಐ ಖರ್ಚು ಅದರಲ್ಲಿ ಸೇರುತ್ತಾ ಅಂತ ಕೇಳಿಬಿಡಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಇದೆಯಾ ಅಂತಲೂ ನೋಡಿ.

ಬೆಳಿಗ್ಗೆ ಬೇಗ ಹೋಗಿ, ಓಪಿಡಿ ಚೀಟಿಗೆ ಜನ ಜಾಸ್ತಿ. ಜೊತೆಗೆ ಇಬ್ಬರು ಇರಿ, ಒಬ್ಬರು ಅವ್ವನ ಹತ್ತಿರ, ಒಬ್ಬರು ಓಡಾಟಕ್ಕೆ.

ಬ್ಯಾಡಗಿ_ರೋಡ್:

ಆಪರೇಷನ್ ಆಯ್ತು. ಮೂಗಿನಿಂದಲೇ. ಹೊರಗೆ ಬಂದ ಡಾಕ್ಟರ್ ಮೊದಲು ಹೇಳಿದ್ದೇ ‘ಕಣ್ಣು ಚೆನ್ನಾಗಿದೆ’ ಅಂತ. ಕೀವಾಗಿರಲಿಲ್ಲ, ಕಂದು ಬಣ್ಣದ ಗಟ್ಟಿ ಲೋಳೆ ಇತ್ತಂತೆ. ಹಳೆ ಆಪರೇಷನ್ ಜಾಗದಲ್ಲೇ ಗಾಯ ಕೂಡಿಕೊಂಡು ದಾರಿ ಮುಚ್ಚಿತ್ತು ಅಂದರು. ಶೀಟ್‌ನಲ್ಲಿ ಡ್ರಾಫ್ 2ಬಿ ಅಂತ ಬರೆದಿದೆ. ಮರುದಿನ ಕನ್ನಡಿ ಕೇಳಿ ನೋಡಿಕೊಂಡಳು. ಹುಬ್ಬಿನ ಕೆಳಗಿನ ಉಬ್ಬು ಇರಲಿಲ್ಲ. ಕಣ್ಣು ಪೂರ್ತಿ ಮೇಲೆ ಬಂದಿಲ್ಲ, ಆದರೆ ಬಂದಿದೆ. ಎರಡೆರಡು ಕಾಣೋದು ಇನ್ನೂ ಸ್ವಲ್ಪ ಇದೆ, ಪೂರ್ತಿ ಮೇಲೆ ನೋಡಿದಾಗ ಮಾತ್ರ.

ಈಗ ಮನೆಗೆ ಬಂದಿದ್ದಾಳೆ. ಮೂಗು ತೊಳೆಯೋಕೆ ಹೇಳಿದ್ದಾರೆ. ಬೋರ್‌ವೆಲ್ ನೀರು ನಡೆಯುತ್ತಾ? ಮತ್ತೆ ಯಾವಾಗ ಕೆಲಸಕ್ಕೆ ಹೋಗಲಿ ಅಂತ ಈಗಲೇ ಕೇಳ್ತಿದ್ದಾಳೆ.

ಗದಗ_ಬೆಟಗೇರಿ:

ಬಹಳ ಸಂತೋಷ ಆಯ್ತು ಅಣ್ಣಾರ. ನನಗೂ ಮೇಲೆ ನೋಡಿದಾಗ ಎರಡು ಕಾಣೋದು ಹೋಗೋಕೆ ಸ್ವಲ್ಪ ತಿಂಗಳು ಬೇಕಾಯ್ತು. ಒಳಗಿಂದ ಒಣಗಿದ ಕಪ್ಪು ಪೊರೆ ಪೊರೆಯಾಗಿ ಬೀಳ್ತಿತ್ತು, ನೋಡಿ ಅವ್ವ ಗಾಬರಿಯಾದಾರು, ಮೊದಲೇ ಹೇಳಿಡಿ.

ಕಿವಿಮೂಗು_ಧಾರವಾಡ:

ಒಳ್ಳೆಯ ಸುದ್ದಿ. ಬೋರ್‌ವೆಲ್ ನೀರು ನೇರವಾಗಿ ಬೇಡ, ನಲ್ಲಿ ನೀರೂ ಬೇಡ. ಕುದಿಸಿ ಆರಿಸಿದ ನೀರಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೂಗು ತೊಳೆಯುವ ಪುಡಿ ಹಾಕಿ, ಅದರ ಮೇಲೆ ಬರೆದಷ್ಟೇ. ತೊಳೆಯುವ ಬಾಟಲಿಯನ್ನೂ ದಿನಾ ಸ್ವಚ್ಛ ಮಾಡಿ ಒಣಗಿಸಿ. ಸದ್ಯಕ್ಕೆ ಜೋರಾಗಿ ಒತ್ತಿ ಸಿಂಬಳ ತೆಗೆಯಬಾರದು, ಗಾಳಿ ಕಣ್ಣಿನ ಗೂಡಿಗೆ ನುಗ್ಗಿ ರೆಪ್ಪೆ ದಿಢೀರ್ ಊದಿಕೊಳ್ಳಬಹುದು. ಸೀನು ಬಂದರೆ ಬಾಯಿ ತೆರೆದು ಸೀನಲಿ. ಭಾರ ಎತ್ತುವುದು, ಬಗ್ಗಿ ಕೆಲಸ ಮಾಡುವುದು ಡಾಕ್ಟರ್ ಹೇಳುವವರೆಗೆ ಬೇಡ. ಬಗ್ಗಿದಾಗ ಮೂಗಿನ ಒಂದೇ ಕಡೆಯಿಂದ ತಿಳಿ ನೀರು ತೊಟ್ಟಿಕ್ಕಿದರೆ ಅದು ನೆಗಡಿ ಅಂತ ಬಿಡಬೇಡಿ, ಮೆದುಳಿನ ನೀರು ಸೋರುತ್ತಿರಬಹುದು, ಅದೇ ದಿನ ತೋರಿಸಿ.

ಮೆಣಸಿನಕಾಯಿ ಘಾಟಿನಿಂದ ಈ ಕಾಯಿಲೆ ಬಂದದ್ದಲ್ಲ ಅಂತ ಅವರಿಗೆ ಹೇಳಿ. ಆದರೆ ಹಸಿ ಗಾಯದ ಮೂಗಿಗೆ ಆ ಧೂಳು ಒಳ್ಳೆಯದಲ್ಲ. ಒಳಗಿನ ಪೊರೆ ವಾಸಿಯಾಗಿದೆ ಅಂತ ದುರ್ಬೀನಿನಲ್ಲಿ ನೋಡಿದ ಮೇಲೆ ಹೋಗಲಿ, ಆಮೇಲೂ ಮೂಗು ಮುಚ್ಚುವ ಒಳ್ಳೆ ಮಾಸ್ಕ್ ಇರಲಿ. ದುರ್ಮಾಂಸ ಇದ್ದವರಾದ್ದರಿಂದ ಮೂಗಿನ ಸ್ಪ್ರೇ ಬರೆದುಕೊಟ್ಟಿರಬಹುದು, ಚೆನ್ನಾಗಿದೆ ಅಂತ ಅದನ್ನು ನಿಲ್ಲಿಸಬಾರದು.

ಮೊದಲ ವಾರಗಳಲ್ಲಿ ಒಳಗಿನ ಒಣಗಿದ್ದನ್ನು ತೆಗೆಸಿಕೊಳ್ಳಲು ಕರೆದಾಗೆಲ್ಲ ಹೋಗಿ. ಅದನ್ನು ಬಿಟ್ಟವರಿಗೇ ದಾರಿ ಮತ್ತೆ ಕೂಡಿಕೊಳ್ಳುವುದು ಜಾಸ್ತಿ. ಆಮೇಲೆ ಚೆಕಪ್ ದೂರ ದೂರ ಆಗುತ್ತದೆ, ಆದರೆ ವರ್ಷಗಟ್ಟಲೆ ಇರಬೇಕು, ಯಾಕಂದರೆ ಇದು ಮರಳಿ ಬಂದರೆ ನಿಧಾನಕ್ಕೆ, ನೋವಿಲ್ಲದೆ ಬರುತ್ತದೆ. ಬಯಾಪ್ಸಿ ರಿಪೋರ್ಟ್ ಬಂತಾ?

ಬ್ಯಾಡಗಿ_ರೋಡ್:

ಇವತ್ತು ಬಂತು ಸರ್. ಮ್ಯೂಕೋಸೀಲ್ ಅಂತಲೇ ಇದೆ, ಬೇರೆ ಏನೂ ಇಲ್ಲ. ಕಲ್ಚರ್‌ನಲ್ಲೂ ಏನೂ ಬೆಳೆದಿಲ್ಲ. ಮುಂದಿನ ಸೋಮವಾರ ಮೂಗು ಕ್ಲೀನ್ ಮಾಡಿಸೋಕೆ ಹುಬ್ಬಳ್ಳಿಗೆ ಹೋಗಬೇಕು, ಅದೇ ದಿನ ಕಣ್ಣಿನ ಡಾಕ್ಟರಿಗೂ ತೋರಿಸಿಕೊಂಡು ಬರ್ತೀವಿ.